ಅಂಗಡಿ ಗುಡಿಸಿ ತಂದ ಬೀಜ

ನಮ್ಮ ಮನೆಯವರು ಈ ಪ್ರಸಂಗವನ್ನು ಅಜ್ಜಿಯ ಕಣ್ಣಿನಿಂದ ಶುರುಮಾಡುತ್ತಾರೆ. ಅಜ್ಜಿಗೆ ಆಗಲೇ ಪೊರೆ ಬಂದಿತ್ತಂತೆ, ಸೊಪ್ಪು ಬಿಡಿಸುವಾಗ ಯಾವುದು ಏನು ಅಂತ ಕಾಣಿಸಲಿಲ್ಲವಂತೆ, ವಿಷದ ಉಮ್ಮತ್ತಿಯನ್ನೇ ಬೇಯಿಸಿಕೊಂಡು ತಿಂದುಬಿಟ್ಟಳಂತೆ, ಪುಣ್ಯಕ್ಕೆ ಉಳಿದಳಂತೆ. ನೆಂಟರು ಸೇರಿದ ಕಡೆಯಲ್ಲೆಲ್ಲ ಇದು ಎರಡು ನಿಮಿಷದಲ್ಲಿ ಹೇಳಿ ಮುಗಿಯುತ್ತದೆ. ಕೊನೆಗೆ ಯಾರಾದರೂ ಒಬ್ಬರು ಅಜ್ಜಿ ಆಸ್ಪತ್ರೆಯ ಹಾಸಿಗೆಯಲ್ಲಿ ಸೊಪ್ಪು ಕಿತ್ತದ್ದನ್ನು ಅಭಿನಯಿಸಿ ತೋರಿಸುತ್ತಾರೆ, ಎಲ್ಲರೂ ನಗುತ್ತಾರೆ.

ನನ್ನ ಆಕ್ಷೇಪ ಆ ಕಣ್ಣಿನ ಬಗ್ಗೆ. ಅದೇ ತಿಂಗಳು ಅಜ್ಜಿ ನನ್ನ ಲಂಗದ ಅಂಚು ಹೊಲಿದುಕೊಟ್ಟಿದ್ದಳು, ಸೂಜಿಗೆ ದಾರವನ್ನು ತಾನೇ ಪೋಣಿಸಿಕೊಂಡು. ಅಕ್ಕಿಯಲ್ಲಿ ಬಿಳಿ ಕಲ್ಲು ಹೆಕ್ಕುತ್ತಿದ್ದವಳೂ ಅವಳೇ. ಪೊರೆ ಬಂದದ್ದು ಎಷ್ಟೋ ವರ್ಷ ಆದಮೇಲೆ. ಕಣ್ಣನ್ನು ಬಿಟ್ಟುಬಿಟ್ಟರೆ ಈ ಕಥೆಯಲ್ಲಿ ಕಾರಣವೇ ಇಲ್ಲ. ಇದ್ದ ಕಾರಣ ಪೂರ್ತಿ ಗೊತ್ತಿರುವುದು ಅಜ್ಜಿಗೆ, ಅರ್ಧ ನನಗೆ.

ನಮ್ಮದು ಇಂದಿರಾನಗರಕ್ಕೂ ಬೈಯಪ್ಪನಹಳ್ಳಿಗೂ ನಡುವೆ ಸಿಕ್ಕಿಕೊಂಡ ಹಳೇ ಊರು. ಹೊಲಗಳು ನಾನು ಹುಟ್ಟುವ ಮೊದಲೇ ಸೈಟುಗಳಾಗಿದ್ದವು. ನಮಗೆ ಉಳಿದದ್ದು ಮನೆ, ಒಂದು ಹಿತ್ತಲು, ಹಿತ್ತಲಲ್ಲಿ ದನಗಳಿಗೆ ನೀರು ಇಡುತ್ತಿದ್ದ ಕಲ್ಲುಬಾನಿ. ದನ ಹೋದಮೇಲೆ ಅದಕ್ಕೆ ಮಣ್ಣು ತುಂಬಿಸಿದ್ದೆವು. ಅಪ್ಪ ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸದಲ್ಲಿದ್ದರು, ಮನೆಯಲ್ಲಿ ಸಿಗುತ್ತಿದ್ದದ್ದೇ ಅಪರೂಪ. ಚಿಕ್ಕಪ್ಪ ಶಿವಾಜಿನಗರದ ಒಂದು ಗ್ರಂಥಿಗೆ ಅಂಗಡಿಯಲ್ಲಿದ್ದರು. ಬೇರು, ತೊಗಟೆ, ಬೀಜ, ಹೋಮದ ಸಮಿತ್ತು, ಬಾಣಂತಿ ಖಾರದ ಸಾಮಾನು, ಎಲ್ಲವನ್ನೂ ಕಪ್ಪು ಬಳಿದ ನೂರಾರು ಡಬ್ಬಿಗಳಲ್ಲಿ ಇಟ್ಟು ಮಾರುವ ಅಂಗಡಿ ಅದು. ಪ್ರತಿ ಅಮಾವಾಸ್ಯೆಗೆ ಡಬ್ಬಿಗಳ ಹಿಂದೆಮುಂದೆಯೆಲ್ಲ ಗುಡಿಸುತ್ತಿದ್ದರು. ಗುಡಿಸಿದ್ದನ್ನು ಎಸೆಯಬೇಕು. ಚಿಕ್ಕಪ್ಪ ಎಸೆಯುತ್ತಿರಲಿಲ್ಲ. ಜರಡಿ ಹಿಡಿದು, ಧೂಳು ಊದಿ, ಉಳಿದ ಬೀಜಗಳನ್ನು ಪೇಪರ್ ಪೊಟ್ಟಣ ಕಟ್ಟಿ ಮನೆಗೆ ತರುತ್ತಿದ್ದರು.

ಯಾವುದು ಏನು ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ಅದೇ ಅದರ ಮಜಾ. ಪೊಟ್ಟಣವನ್ನು ಬಾನಿಯಲ್ಲಿ ಚೆಲ್ಲಿ, ಮೇಲೆ ಬೆರಳಾಡಿಸಿ, ನೀರು ಚಿಮುಕಿಸಿ ಕಾಯುತ್ತಿದ್ದೆವು. ಮೊಳಕೆಗೆ ನಾಲ್ಕನೇ ಎಲೆ ಬರುವುದರೊಳಗೆ ಎಲ್ಲರೂ ಅದರ ಹೆಸರು ಹೇಳಬೇಕು. ಸೋತವರು ಒಂದು ವಾರ ಹಂಡೆಗೆ ನೀರು ಹೊರಬೇಕು. ಹಾಗೆ ಬಂದವುಗಳಲ್ಲಿ ಕಾಮಕಸ್ತೂರಿ ಇತ್ತು, ಓಮ ಇತ್ತು. ಮುಳ್ಳಿನ ಒಂದು ಗಿಡ ಬಂದಾಗ ಚಿಕ್ಕಪ್ಪ, "ಇದು ಮರ ಆಗಿ ನಮ್ ಗೋಡೆ ಕೆಡುವುತ್ತೆ, ನೋಡ್ತಿರು ಗುರು," ಅಂದು ಕಿತ್ತು ಬಿಸಾಡಿದ್ದರು.

ನಾನಾಗ ಪಿಯುಸಿ ಮೊದಲ ವರ್ಷ. ಕಾಲೇಜಿನ ಚರ್ಚಾಕೂಟದಲ್ಲಿದ್ದೆ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು, ನಂಬಿಕೆಯನ್ನು ಆಮೇಲೆ ಹುಟ್ಟಿಸಿಕೊಳ್ಳಬೇಕಿತ್ತು. ಎದುರಾಳಿಯ ವಾದಕ್ಕೆ ಉತ್ತರ ಇಲ್ಲದಿದ್ದರೆ ಎದುರಾಳಿಯನ್ನೇ ಹಿಡಿ ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ಆದರೆ ಎಲ್ಲರೂ ಕಲಿತಿದ್ದೆವು. ಹಿತ್ತಲಿನ ಆಟದಲ್ಲಿ ನಾನು ಒಂದು ಸಲವೂ ನೀರು ಹೊತ್ತಿರಲಿಲ್ಲ. ನನ್ನ ಊಹೆಗಳು ಸರಿಯಿದ್ದವು ಅಂತಲ್ಲ. ಗಿಡ ದೊಡ್ಡದಾಗುವ ಹೊತ್ತಿಗೆ ಯಾರು ಏನು ಹೇಳಿದ್ದರು ಎಂಬುದನ್ನೂ ನಾನೇ ಹೇಳುತ್ತಿದ್ದೆ.

ಆ ಮಳೆಗಾಲ ಬಾನಿಯ ಒಂದು ಮೂಲೆಯಲ್ಲಿ ಒಂದೇ ಜಾತಿಯ ಏಳು ಸಸಿ ಎದ್ದವು. ಮೆತ್ತನೆಯ ಎಲೆ, ಅಂಚು ಸ್ವಲ್ಪ ಅಂಕುಡೊಂಕು, ಕಾಂಡಕ್ಕೆ ನೇರಳೆ ಛಾಯೆ. ಚಿಕ್ಕಪ್ಪ ಬದನೆ ಅಂದರು. ಅಮ್ಮ ಮೆಣಸಿನಕಾಯಿ ಅಂದಳು. ಆರು ವರ್ಷದ ತಂಗಿ ಪ್ರತಿ ಸಲದ ಹಾಗೆ ಐಸ್‌ಕ್ರೀಂ ಗಿಡ ಅಂದಳು. ನಾನು ಗಣಿಕೆ ಸೊಪ್ಪು ಅಂದೆ. ಸಾರಿಗೆ ಹಾಕುತ್ತಾರಲ್ಲ, ಸಣ್ಣ ಕರಿ ಹಣ್ಣು ಬಿಡುತ್ತದೆ, ಬಾಯಿಹುಣ್ಣಿಗೆ ಒಳ್ಳೆಯದು, ಹಲಸೂರು ಮಾರ್ಕೆಟ್ಟಿನಲ್ಲಿ ತಮಿಳಿನವರು ಮಣತಕ್ಕಾಳಿ ಅಂತ ಮಾರುತ್ತಾರೆ, ಅದು.

ಅಜ್ಜಿ ಒಂದು ಎಲೆ ಕಿತ್ತು, ಹೆಬ್ಬೆರಳಲ್ಲಿ ಹಿಸುಕಿ, ಮೂಗಿಗೆ ಹಿಡಿದಳು.

"ಗಣಿಕೆ ಅಲ್ಲ ಕಣಮ್ಮಿ. ವಾಸ್ನೆ ಬ್ಯಾರೆ ಐತೆ. ಮುಗ್ಗಿದ್ ಕಳ್ಳೆಕಾಯ್ ಅಂಗೆ."

"ಗಣಿಕೆಗೆ ವಾಸ್ನೆ ಹೇಗಿರುತ್ತೆ ಹೇಳು ಮತ್ತೆ."

"ಅದ್ಯೆಂಗ್ ಏಳಾದು. ಇಂಗಿರಾಕಿಲ್ಲ."

"ಹಿಂಗಿರಲ್ಲ ಅಂದ್ರೆ ಸಾಕ್ಷಿ ಆಗುತ್ತಾ? ಎಲೆ ನೋಡು, ಕಾಂಡ ನೋಡು. ನಾನು ಮೂರು ಕಾರಣ ಕೊಡ್ತೀನಿ, ನೀನು ಒಂದು ಕೊಡು."

"ಕಾರ್ಣ ಏನಮ್ಮಿ, ನಂಗ್ಯಾಕೋ ಬ್ಯಾಡ ಅನ್ಸುತ್ತೆ."

ಆಗ ಹೇಳಿದೆ. "ದಿನಕ್ಕೆ ಹತ್ತು ಸಲ ನಶ್ಯ ಏರಿಸೋ ಮೂಗು ಅದು. ಅದಕ್ಕೆ ಮಲ್ಲಿಗೆನೂ ಒಂದೇ, ಮೋರಿನೂ ಒಂದೇ."

ಚಿಕ್ಕಪ್ಪ ಗೊಳ್ಳೆಂದು ನಕ್ಕರು. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ತಂಗಿಗೆ ಅರ್ಥವಾಗದಿದ್ದರೂ "ಮೋರಿ ಮೂಗು, ಮೋರಿ ಮೂಗು" ಅಂತ ಕುಣಿದಳು. ಅಜ್ಜಿಯೂ ನಕ್ಕಳು. ನಕ್ಕು, ಬೆರಳನ್ನು ಸೀರೆಗೆ ಒರೆಸಿಕೊಂಡು, "ಆಯ್ತು ಬಿಡಮ್ಮಿ, ಓದ್ದೋಳು ನೀನು," ಅಂದು ಒಳಗೆ ಹೋದಳು. ನಾನು ಗೆದ್ದಿದ್ದೆ.

ಆಮೇಲೆ ಎರಡು ವಾರ ಒಳ್ಳೆ ಮಳೆ, ಸಸಿಗಳು ಗೇಣುದ್ದ ಆದವು. ಒಂದು ಭಾನುವಾರ ಬೆಳಿಗ್ಗೆ ಅಮ್ಮ ಬೆರಕೆ ಸೊಪ್ಪು ಕೊಂಡಿದ್ದಳು. ಹೊಲದ ಬದುಗಳಲ್ಲಿ ತಾನಾಗಿ ಬೆಳೆದ ಹತ್ತಾರು ಬಗೆಯ ಎಲೆಗಳನ್ನು ಒಟ್ಟಿಗೆ ಕಿತ್ತು ತರುವ ಸೊಪ್ಪು ಅದು. ನಾನು ಹಿತ್ತಲಿಗೆ ಹೋಗಿ ಆರು ಸಸಿಗಳ ಎಲೆಯನ್ನೆಲ್ಲ ಕಿತ್ತೆ. ಏಳನೆಯದನ್ನು ಬಿಟ್ಟದ್ದು ಹಣ್ಣು ಬಿಟ್ಟಾಗ ಎಲ್ಲರಿಗೂ ತೋರಿಸುವುದಕ್ಕೆ. ಕಿತ್ತದ್ದನ್ನು ತಂದು ಅಜ್ಜಿಯ ಮುಂದಿದ್ದ ಮೊರದ ಮೂಲೆಗೆ ಸುರಿದೆ. "ಇವತ್ತಿನ ಸಾರಿಗೆ ನಮ್ಮನೆ ಗಣಿಕೆನೂ ಬೀಳ್ಲಿ," ಅಂದೆ. ಅಜ್ಜಿ ತಲೆ ಎತ್ತಲಿಲ್ಲ. ಒಂದೊಂದೇ ಎಲೆ ಬಿಡಿಸುತ್ತ ಕೂತಿದ್ದಳು. ನಾನು ಮುಂದಿನ ವಾರದ ಸ್ಪರ್ಧೆಗೆ ತಯಾರಾಗಲು ಒಳಗೆ ಹೋದೆ.

ಮಧ್ಯಾಹ್ನ ಮುದ್ದೆ, ಮಸ್ಸೊಪ್ಪು. ಅಪ್ಪ ಪಾಳಿಗೆ ಹೋಗಿದ್ದರು, ಚಿಕ್ಕಪ್ಪ ಅಂಗಡಿಗೆ. ಅಜ್ಜಿ ಊಟಕ್ಕೆ ಬರಲಿಲ್ಲ, ಆಗಲೇ ಉಂಡೆ ಅಂದಳು. ಅಮ್ಮ, ತಂಗಿ, ನಾನು ಕೂತೆವು. ನಾನು ಎರಡು ಸಲ ಸಾರು ಹಾಕಿಸಿಕೊಂಡೆ. "ನೋಡಮ್ಮ, ಗಣಿಕೆ ಬಿದ್ರೆ ರುಚಿನೇ ಬೇರೆ," ಅಂದದ್ದು ಚೆನ್ನಾಗಿ ನೆನಪಿದೆ.

ಎರಡು ಗಂಟೆಯ ಹೊತ್ತಿಗೆ ಅಜ್ಜಿ ನೀರು ಕೇಳಿದಳು. ಚೊಂಬು ಖಾಲಿಮಾಡಿ ಮತ್ತೆ ಕೇಳಿದಳು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡ ಹಾಗೆ ಮಾತು ತೊದಲುತ್ತಿತ್ತು. ಮುಖ ಕೆಂಪಗೆ, ಮುಟ್ಟಿದರೆ ಸುಡುತ್ತಿತ್ತು. ಗೋಡೆಗೆ ಕೈ ಹಿಡಿದು ನಿಂತು, "ಕಾಂಪೌಂಡ್ ತಾವ ಯಾಕಮ್ಮಿ ಅಷ್ಟ್ ಜನ ನಿಂತವ್ರೆ? ಒಳಿಕ್ ಕರೀರಿ," ಅಂದಳು. ಅಲ್ಲಿ ಯಾರೂ ಇರಲಿಲ್ಲ. ತಂಗಿ ಇದೊಂದು ಹೊಸ ಆಟ ಅಂದುಕೊಂಡು ಬಾಗಿಲಿಗೆ ಓಡಿ, "ಬನ್ನಿ, ಬನ್ನಿ," ಅಂತ ಕರೆದಳು. ಅಜ್ಜಿ ತೃಪ್ತಿಯಿಂದ ತಲೆ ಆಡಿಸಿದಳು.

ಅಮ್ಮ ನನ್ನ ಕಡೆ ನೋಡಿದಳು. "ಆ ಸೊಪ್ಪಿಂದೇನಾದ್ರೂ..."

ಅವಳ ಮಾತು ಮುಗಿಯುವ ಮೊದಲೇ ನನ್ನ ಉತ್ತರ ಸಿದ್ಧವಿತ್ತು. "ಸೊಪ್ಪು ನಾವೂ ತಿಂದ್ವಿ. ನೀನು, ನಾನು, ಇವಳು. ನಮಗೆ ಏನಾದ್ರೂ ಆಗಿದ್ಯಾ? ಒಂದೇ ಸಾರು ಎಲ್ಲರೂ ತಿಂದು ಒಬ್ಬರಿಗೆ ಮಾತ್ರ ಆದ್ರೆ ಅದು ಸಾರಿಂದಲ್ಲ. ಬೆಳಿಗ್ಗೆಯಿಂದ ಹಿತ್ತಲಲ್ಲಿ ಕೂತಿದ್ದಾಳೆ, ಬಿಸಿಲು ಹೊಡೆದಿದೆ."

ತರ್ಕದಲ್ಲಿ ತಪ್ಪಿರಲಿಲ್ಲ. ಈಗಲೂ ಅದರಲ್ಲಿ ನನಗೆ ತಪ್ಪು ಸಿಗುವುದಿಲ್ಲ, ಅದು ನಿಂತಿದ್ದ ಮೊದಲ ಮಾತೊಂದನ್ನು ಬಿಟ್ಟು. ಅವತ್ತು ಬಿಸಿಲೇ ಇರಲಿಲ್ಲ ಎಂಬುದನ್ನು ಅಮ್ಮ ಹೇಳಬಹುದಿತ್ತು. ಅಜ್ಜಿಯನ್ನು ಮಲಗಿಸಿ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಹಾಗೆ ಮುಕ್ಕಾಲು ಗಂಟೆ ಹೋಯಿತು. ಆ ಮುಕ್ಕಾಲು ಗಂಟೆ ಈಗಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಬಟ್ಟೆ ಮತ್ತೆ ಒದ್ದೆಮಾಡಿಕೊಂಡು ಬರಲು ಹಿತ್ತಲಿಗೆ ಹೋದೆ. ಹಂಡೆ ಒಲೆಯ ಬೂದಿಯ ಮೇಲೆ ಒಂದು ಸಣ್ಣ ಬೋಸಿ ಮುಚ್ಚಿಟ್ಟಿತ್ತು. ತೆಗೆದೆ. ತಳದಲ್ಲಿ ಒಂದು ತುತ್ತಿನಷ್ಟು ಬೇಯಿಸಿದ ಸೊಪ್ಪು, ಉಪ್ಪು ಮೆಣಸಿನಕಾಯಿ ಹಾಕಿದ್ದು. ಬರೀ ಒಂದೇ ಬಗೆಯ ಎಲೆ. ಪಕ್ಕದಲ್ಲಿ ಅಜ್ಜಿಯ ತಟ್ಟೆ, ಅದಕ್ಕಂಟಿದ ಮುದ್ದೆಯ ಚೂರು.

ನಮ್ಮ ಸಾರಿನಲ್ಲಿ ಆ ಸೊಪ್ಪು ಇರಲೇ ಇಲ್ಲ. ಅಜ್ಜಿ ನನ್ನ ಎಲೆಗಳನ್ನು ಒಂದೂ ಬಿಡದೆ ಆರಿಸಿ ಬೇರೆ ತೆಗೆದಿದ್ದಳು. ಬೇರೆ ಬೇಯಿಸಿದ್ದಳು. ಒಬ್ಬಳೇ ತಿಂದಿದ್ದಳು.

ಅಮ್ಮನನ್ನು ಕೂಗಬೇಕು ಅಂತ ಗೊತ್ತಿತ್ತು, ಕೂಗಿದರೆ ಏನು ಹೇಳಬೇಕಾಗುತ್ತದೆ ಎಂಬುದೂ ಗೊತ್ತಿತ್ತು. ನಾಚಿಕೆಯಿಂದ ಹೇಳುತ್ತೇನೆ, ಆ ಕ್ಷಣದಲ್ಲಿ ಮೊದಲು ಬಂದ ಯೋಚನೆ ಬೋಸಿಯನ್ನು ತೊಳೆದಿಡುವುದು. ಒಳಗಿಂದ ಅಜ್ಜಿ ಯಾರನ್ನೋ ಉಪಚರಿಸುವ ದನಿ ಕೇಳಿಸಿತು, "ಕೂತ್ಕಳಿ, ಕೂತ್ಕಳಿ, ಅನ್ನ ಆಗೈತೆ." ಬೋಸಿ ಹಿಡಿದುಕೊಂಡು ಅಮ್ಮನ ಹತ್ತಿರ ಓಡಿದೆ.

ತಂಗಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟೆವು. ಆಟೋದಲ್ಲಿ ಅಜ್ಜಿ ನಡುವೆ, ಅಮ್ಮ ಒಂದು ಕಡೆ, ನಾನು ಒಂದು ಕಡೆ. ಹಳೇ ಮದ್ರಾಸು ರಸ್ತೆಯಲ್ಲಿ ಬಸ್ಸುಗಳು ಒಂದರ ಹಿಂದೊಂದು ಅಂಟಿಕೊಂಡಿದ್ದವು. ಆಟೋದವರು ಕನ್ನಡಿಯಲ್ಲಿ ನೋಡಿ, "ದೊಡ್ಡಮ್ಮಂಗೆ ಏನಾಯ್ತು?" ಅಂದರು. ಅಮ್ಮ, "ಬಿಸಿಲು ಹೊಡೀತು ಅಂತಾಳೆ ಇವಳು," ಅಂದಳು. ಅವರು ಹೊರಗೆ ಮೋಡ ನೋಡಿ, ಹಾರ್ನ್ ಒತ್ತಿ ಹಿಡಿದು ಫುಟ್‌ಪಾತಿನ ಮೇಲೇ ಹತ್ತಿಸಿದರು. ಅಜ್ಜಿಯ ಕಣ್ಣುಗಳಲ್ಲಿ ಕಪ್ಪು ಅಂಚಿನವರೆಗೆ ಹರಡಿಕೊಂಡಿತ್ತು. ಆ ಕಣ್ಣು ನನ್ನ ಮುಖದ ಮೇಲೇ ಇತ್ತು, ನನ್ನನ್ನು ನೋಡುತ್ತಿರಲಿಲ್ಲ. ಬೆರಳುಗಳು ನನ್ನ ದುಪಟ್ಟಾದಿಂದ ಏನನ್ನೋ ಚಿವುಟಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದವು.

ಹಲಸೂರಿನ ಒಂದು ಆಸ್ಪತ್ರೆ. ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿದರು. ಬೆಳಕು ಬಿದ್ದರೂ ಕಣ್ಣಿನ ಕಪ್ಪು ಕುಗ್ಗಲಿಲ್ಲ.

"ಏನು ತಿಂದ್ರು?"

ಅಮ್ಮ ನನ್ನನ್ನು ನೋಡಿದಳು. ನಾನು ಬೋಸಿ ಮುಂದೆ ಹಿಡಿದೆ. "ಗಣಿಕೆ ಸೊಪ್ಪು."

"ಅದನ್ನ ದಿನಾ ತಿಂತಾರಲ್ಲಮ್ಮ. ಗಣಿಕೆನೇ ಅಂತ ನಿಂಗೆ ಗ್ಯಾರಂಟಿನಾ?"

"ಇಲ್ಲ."

"ಮತ್ತೆ ಗಣಿಕೆ ಅಂದ್ಯಲ್ಲ."

"ಹಾಗಂತ ವಾದ ಮಾಡಿದ್ದೆ."

"ಏನು ಮಾಡಿದ್ದೆ?" ಅವರು ಬೋಸಿ ತೆಗೆದುಕೊಂಡರು. "ಗಿಡ ಉಳಿದಿದ್ಯಾ? ನಾವು ಹೊಟ್ಟೆ ತೊಳೀತೀವಿ, ನೀನು ಓಡು, ಬೇರು ಸಮೇತ ಕಿತ್ಕೊಂಡು ಬಾ. ವಯಸ್ಸಾಗಿರೋ ಹಾರ್ಟು, ಎಷ್ಟು ಹೊತ್ತು ಹಿಂಗೆ ಓಡುತ್ತೋ ಗೊತ್ತಿಲ್ಲ."

ಹಾದಿಯಲ್ಲೊಂದು ಎಸ್‌ಟಿಡಿ ಬೂತಿನಿಂದ ಚಿಕ್ಕಪ್ಪನ ಅಂಗಡಿಗೆ ಫೋನ್ ಮಾಡಿದೆ. ಹಿಂದೆ ಯಾರೋ ಗಿರಾಕಿ ದಖನಿ ಉರ್ದುವಿನಲ್ಲಿ ಜೋರಾಗಿ ಏನೋ ಕೇಳುತ್ತಿದ್ದರು, ಎರಡು ಸಲ ಕೂಗಿ ಹೇಳಬೇಕಾಯಿತು. ಆ ಅಮಾವಾಸ್ಯೆ ಗುಡಿಸಿದ್ದರಲ್ಲಿ ಏನೇನಿತ್ತು ಚಿಕ್ಕಪ್ಪ? ಸ್ವಲ್ಪ ಯೋಚಿಸಿ ಅವರು, "ಇಲಿ ಒಂದ್ ಡಬ್ಬಿ ಉರುಳಿಸಿತ್ತು ಮಗಾ. ಉಮ್ಮತ್ತಿ ಬೀಜದ್ದು. ಎಲ್ಲಾ ತುಂಬ್ಬಿಟ್ಟೆ ಅಂದ್ಕೊಂಡಿದ್ದೆ. ಯಾಕೆ?" ಅಂದರು. ಆಸ್ಪತ್ರೆಯಿಂದ ಬಂದೆ ಅಂದಾಗ ಅವರ ದನಿ ಬದಲಾಯಿತು. "ಯಾರು ತಿಂದ್ರು? ಪಾಪುನಾ?"

ಮನೆಗೆ ಹೋಗಿ ಏಳನೆಯ ಸಸಿಯನ್ನು ಕಿತ್ತೆ. ಕೀಳುವಾಗ ಒಂದೆಲೆ ಬೆರಳ ನಡುವೆ ಹಿಸುಕಿಹೋಯಿತು. ಮುಗ್ಗಿದ ಕಡಲೆಕಾಯಿ. ಅಷ್ಟು ದಿನ ನೀರು ಹಾಕಿ, ಅಳೆದು, ಎಲೆ ಎಣಿಸಿದ್ದ ಗಿಡವನ್ನು ನಾನು ಒಂದು ಸಲವೂ ಮೂಸಿ ನೋಡಿರಲಿಲ್ಲ.

ವಾಪಸು ಬಂದಾಗ ಅಜ್ಜಿಯ ಮೂಗಿಗೆ ನಳಿಕೆ, ತೋಳಿಗೆ ಡ್ರಿಪ್. ಅದನ್ನು ಕಿತ್ತುಕೊಳ್ಳಬಾರದೆಂದು ಮಣಿಕಟ್ಟುಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಸಡಿಲವಾಗಿ ಕಟ್ಟಿದ್ದರು. ಕಟ್ಟಿದ್ದಲ್ಲೇ ಬೆರಳುಗಳು ಕೆಲಸಮಾಡುತ್ತಿದ್ದವು. ಹೊದಿಕೆಯಿಂದ ಚಿವುಟು, ಆಚೆ ಹಾಕು, ಚಿವುಟು, ಆಚೆ ಹಾಕು. ಡಾಕ್ಟರಮ್ಮ ಸಸಿಯನ್ನು ತಿರುಗಿಸಿ ನೋಡಿ, ಉಮ್ಮತ್ತಿ ಎಂದು ಬರೆದುಕೊಂಡು, ಇನ್ನೊಂದು ಇಂಜೆಕ್ಷನ್ ಹೇಳಿದರು. ಉಳೀತಾಳಾ ಎಂದು ಅಮ್ಮ ಕೇಳಿದ್ದಕ್ಕೆ, "ಇನ್ನೊಂದ್ ದಿನ ಕಳೀಲಿ," ಅಂದರು.

ನಾನು ಮಂಚದ ಪಕ್ಕ ನಿಂತೆ. ಅಜ್ಜಿ ಎರಡು ಬೆರಳಲ್ಲಿ ಹಿಡಿದ, ಇಲ್ಲದ ಎಲೆಯೊಂದನ್ನು ನನ್ನ ಕಡೆ ಚಾಚಿದಳು. ತೆಗೆದುಕೊಳ್ಳಲೇಬೇಕು ಅನ್ನುವ ಹಾಗೆ ಚಾಚಿದಳು. ತೆಗೆದುಕೊಂಡೆ.

"ಮಕ್ಕಳಿಗ್ ಇಕ್ಬ್ಯಾಡ್ರೇ," ಅಂದಳು, ಒಣಗಿದ ಗಂಟಲಲ್ಲಿ. "ಇವತ್ತು ನಾನ್ ತಿಂತೀನಿ. ನಾಳಿಕ್ ನೋಡಾನ."

ಅಮ್ಮ ಅಳಲು ಶುರುಮಾಡಿದಳು. ನನಗೆ ಗೊತ್ತಿಲ್ಲದ ಒಂದು ಪದ್ಧತಿಯನ್ನು ಆಗ ಹೇಳಿದಳು. ಹೊಲ ಇದ್ದ ಕಾಲದಲ್ಲಿ, ಗುರುತು ಸಿಗದ ಸೊಪ್ಪು ಬೆರಕೆಯಲ್ಲಿ ಬಂದರೆ ಮನೆಯ ಹಿರಿಯ ಹೆಂಗಸು ಅದನ್ನು ಬೇರೆ ಬೇಯಿಸಿ ಮೊದಲು ತಾನು ತಿನ್ನುತ್ತಿದ್ದಳಂತೆ. ಒಂದು ಹಗಲು ಒಂದು ರಾತ್ರಿ ಏನೂ ಆಗದಿದ್ದರೆ ಆಮೇಲೆ ಮಕ್ಕಳ ತಟ್ಟೆಗೆ. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಒಂದೆರಡು ಸಲ ಅತ್ತೆ ಹಾಗೆ ಮಾಡಿದ್ದನ್ನು ನೋಡಿದ್ದಳಂತೆ. "ಆದ್ರೆ ಆಗ ತಿಂತಿದ್ದಿದ್ದು ಇಷ್ಟೇ ಇಷ್ಟು," ಅಂದು ಉಗುರಿನ ತುದಿ ತೋರಿಸಿದಳು. "ಬೋಸಿ ತುಂಬ ಅಲ್ಲ."

ಮಾರನೆಯ ದಿನ ಮಧ್ಯಾಹ್ನ ಬೆರಳುಗಳು ನಿಂತವು. ನಿಂತದ್ದನ್ನು ಕಂಡು ಸತ್ತೇಹೋದಳೆಂದುಕೊಂಡು ನಾನು ವಾರ್ಡಿನ ಬಾಗಿಲವರೆಗೂ ಓಡಿದ್ದೆ. ನಿದ್ದೆ ಹೋಗಿದ್ದಳು, ಅಷ್ಟೆ. ಮೂರನೇ ದಿನ ತಂಗಿಯ ಗುರುತು ಹಿಡಿದಳು. ಆಸ್ಪತ್ರೆಯ ಜಗಲಿಯಲ್ಲಿ ಚಿಕ್ಕಪ್ಪ ನೆಂಟರಿಗೆ ಹೇಳುತ್ತಿದ್ದರು, "ವಯಸ್ಸಾಯ್ತಲ್ಲ, ಕಣ್ಣು ಸರಿಯಾಗಿ ಕಾಣ್ಸಲ್ಲ." ಅಂಗಡಿಯ ಡಬ್ಬಿಯ ವಿಷಯ ಆಚೆ ಬಂದರೆ ಅವರ ಕೆಲಸಕ್ಕೇ ಕುತ್ತು, ಅವರ ಹೆದರಿಕೆ ಅವರಿಗೆ. ನನ್ನ ಹೆದರಿಕೆ ನನಗೆ. ಪಕ್ಕದಲ್ಲೇ ನಿಂತಿದ್ದೆ, ಅಲ್ಲ ಅನ್ನಲಿಲ್ಲ. ಸುಳ್ಳು ಸಮರ್ಥನೆಯನ್ನು ಕಂಡಕಂಡಲ್ಲಿ ಹಿಡಿದು ಹರಿದುಹಾಕುತ್ತಿದ್ದವಳು ಇದೊಂದನ್ನು ಬಿಟ್ಟೆ. ಅಂದು ಹುಟ್ಟಿದ್ದೇ ಈಗ ಎಲ್ಲರೂ ಹೇಳುವ ಕಥೆ. ಅಜ್ಜಿಯೂ ಅದನ್ನೇ ಹೇಳುತ್ತಾಳೆ.

ಮುಂದಿನ ವಾರದ ಸ್ಪರ್ಧೆಗೆ ಹೋದೆ, ಹೋಗಬಾರದಿತ್ತು. ಎದುರಿನ ಹುಡುಗ ನನ್ನ ಎರಡನೇ ಪ್ರಶ್ನೆಗೇ ತಡವರಿಸಿ, "ಸರಿ, ಅದನ್ನು ಒಪ್ಪುತ್ತೇನೆ," ಅಂದ. ಚಪ್ಪಾಳೆ ಬಿತ್ತು. ನಾನು ಮಾತ್ರ ಮುಂದಿನ ಪ್ರಶ್ನೆ ಕೈಬಿಟ್ಟು ಕೂತೆ. ಇವನು ಯಾಕೆ ಒಪ್ಪಿದ, ಇನ್ನು ಎಲ್ಲಿಗೆ ಹೋಗಿ ಏನು ಮಾಡಿಕೊಳ್ಳುತ್ತಾನೆ ಅನ್ನಿಸಿತು. ಈಗಲೂ ಯಾರಾದರೂ ನನ್ನೊಡನೆ ಜಗಳ ಅರ್ಧಕ್ಕೆ ಬಿಟ್ಟು ಎದ್ದುಹೋದರೆ ಸ್ವಲ್ಪ ಹೊತ್ತಾದ ಮೇಲೆ ಅವರು ಎಲ್ಲಿದ್ದಾರೆಂದು ನೋಡಿಕೊಂಡು ಬರುತ್ತೇನೆ.

ಅಜ್ಜಿ, ಯಾಕೆ ತಿಂದೆ ಅಂತ ನಾನು ನಿನ್ನನ್ನು ಮೂರು ಸಲ ಕೇಳಿದ್ದೇನೆ. ಮೂರು ಸಲವೂ ನೀನು, "ಗ್ಯಾಪ್ಕ ಇಲ್ಲ ಕಣಮ್ಮಿ," ಅಂದೆ. ಆ ವಿಷ ನೆನಪನ್ನು ಅಳಿಸುತ್ತದೆ, ನಿಜ. ಆದರೆ ಅಳಿಸುವುದು ತಿಂದಮೇಲಿನದನ್ನು ಎಂದು ಡಾಕ್ಟರಮ್ಮ ಹೇಳಿದ್ದರು. ಮೊರದ ಮುಂದೆ ಕೂತ ಹೊತ್ತು ಅದಕ್ಕೂ ಹಿಂದಿನದು, ಅದು ನಿನ್ನಲ್ಲಿ ಇರಬೇಕು. ಬೇಡ ಅನ್ನಿಸಿದ್ದ ಸೊಪ್ಪನ್ನು ಮೋರಿಗೆ ಎಸೆಯಬಹುದಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ. ಪದ್ಧತಿಯ ಪ್ರಕಾರ ಉಗುರಿನಷ್ಟು ತಿಂದು ಬಿಡಬಹುದಿತ್ತು. ನೀನು ಒಂದು ತುತ್ತು ಉಳಿಸಿ ಮಿಕ್ಕದ್ದೆಲ್ಲ ತಿಂದೆ. ನನ್ನ ಮಾತನ್ನು ನಂಬಿ ತಿಂದೆಯಾ, ನಂಬದೆ ತಿಂದೆಯಾ?